ನಲವತ್ತೇಳು ಸೆಂಟ್ ಮಳೆ

"ಕ್ಲಾಂಪ್ ನಾಲ್ಕೂ ಇತ್ತು ಸರ್. ಬಿಗಿ ಮಾಡಿದ್ದೂ ನಾನೇ, ಎಣಿಸಿದ್ದೂ ನಾನೇ," ಎಂದಳು ನಮ್ಮ ಕ್ಲಬ್ಬಿನ ಹುಡುಗಿ ಮೇಘಶ್ರೀ. ಕೂತ್ಕೊ ಎಂದು ನಾನು ಎರಡು ಸಲ ಹೇಳಿದರೂ ಕೂರಲಿಲ್ಲ.

ಹಿಂದಿನ ಸಾಲಿನಿಂದ ಬಸವರಾಜು ಎದ್ದ. ನಮ್ಮ ಮೆಂಬರ್ ಸಿದ್ದಬಸಪ್ಪನವರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಸಭೆಯಲ್ಲಿ ಇದುವರೆಗೆ ಅವನ ಬಾಯಿಂದ ಒಂದು ಮಾತೂ ಕೇಳಿದವರಿಲ್ಲ. "ಆ ಕಡೆ ಸ್ಪಾನರ್ ಹಿಡಿದಿದ್ದವರಲ್ಲಿ ನಾನೂ ಒಬ್ಬ ಸರ್. ಅವ್ರೊಬ್ರ ಮೇಲೆ ಹಾಕ್ಬೇಡಿ."

"ನಾನೂ ಇದ್ದೆ," ಎಂದು ಕಿಟಕಿಯ ಹತ್ತಿರ ಒಬ್ಬರು ಎದ್ದರು. "ನಾನೂ," ಎಂದು ಇನ್ನೊಬ್ಬರು. ಐದು ನಿಮಿಷದಲ್ಲಿ ಹದಿನೇಳು ಜನ ನಿಂತಿದ್ದರು. ಅದರಲ್ಲಿ ಮೂವರಿಗೆ ಸ್ಪಾನರ್ ಯಾವುದು, ಇಕ್ಕಳ ಯಾವುದು ಎಂಬುದೇ ಗೊತ್ತಿಲ್ಲ. ಒಬ್ಬರಂತೂ ಕ್ಲಾಂಪ್ ಬಿಗಿ ಮಾಡಿದ ಶನಿವಾರ ಇಡೀ ದಿನ ಕಳಸದಲ್ಲಿ ಮದುವೆಮನೆಯಲ್ಲಿದ್ದರು. ಅವರ ಪಕ್ಕದ ಎಲೆಯಲ್ಲಿ ಊಟಕ್ಕೆ ಕೂತಿದ್ದವನು ನನ್ನ ತಮ್ಮನೇ.

ಮೂವತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು ನಾನು, ಓಂಕಾರಮೂರ್ತಿ. ತಪ್ಪು ಯಾರದು ಎಂದು ಕೇಳಿದರೆ ನೆಲ ನೋಡುವವರನ್ನು ಕಂಡಿದ್ದೇನೆ, ಪಕ್ಕದವನನ್ನು ತೋರಿಸುವವರನ್ನು ಕಂಡಿದ್ದೇನೆ. ಸಾಲಾಗಿ ಎದ್ದು ನಿಂತು ತಮ್ಮ ತಲೆಯ ಮೇಲೇ ಎಳೆದುಕೊಳ್ಳುವವರನ್ನು ಇಟ್ಟುಕೊಂಡು ತನಿಖೆ ಮಾಡುವುದು ಹೇಗೆಂದು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಸಿಟ್ಟು ಬಂತು. ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

"ಎಲ್ರೂ ಕೂತ್ಕೊಳ್ಳಿ ಮಾರಾಯ್ರೆ," ಎಂದೆ. "ನಾನು ಕೇಳಿದ್ದು ಬಿಗಿ ಮಾಡಿದವರನ್ನ ಅಲ್ಲ. ಬಿಚ್ಚಿದವರನ್ನ."

ಒಬ್ಬೊಬ್ಬರಾಗಿ ಕೂತರು.

ಆಗಿದ್ದಿಷ್ಟು. ಬಾಳೂರಿನ ನಮ್ಮ ಗೆಳೆಯರ ಸರ್ವಿಸ್ ಕ್ಲಬ್ಬು ಹಳ್ಳದ ಮೇಲೆ ಕಟ್ಟಿದ ತೂಗುಸೇತುವೆಯ ಪರೀಕ್ಷೆ ಭಾನುವಾರ ಹತ್ತು ಗಂಟೆಗಿತ್ತು. ನಮ್ಮ ಮೆಂಬರ್ ಶಶಿಧರ್ ಮೊದಲು ಕಾಲಿಟ್ಟ. ಎಂಟು ಹೆಜ್ಜೆ ಹೋಗುವಷ್ಟರಲ್ಲಿ ಬಲಗಡೆಯ ವೈರ್ ರೋಪ್ ಜಾರಿ ಸೇತುವೆ ವಾಲಿತು. ಹನ್ನೆರಡು ಅಡಿ ಕೆಳಗೆ, ಬಂಡೆಯ ಮೇಲೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ರೋಪಿನ ತುದಿಯನ್ನು ಹಿಡಿಯಲು ನಾಲ್ಕು ಕಬ್ಬಿಣದ ಕ್ಲಾಂಪ್ ಇರಬೇಕಾದಲ್ಲಿ ಮೂರೇ ಇದ್ದವು. ಆ ಮೂರೂ ಸಡಿಲ.

ನೋಡಲು ಬಂದ ಸರ್ಕಾರಿ ಇಂಜಿನಿಯರು ಬಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡು ಒಂದೇ ಮಾತು ಹೇಳಿದ್ದರು: "ನಾಲ್ಕನೇದನ್ನ ಹಾಕೋಕೆ ಮರ್ತಿದೀರ." ಗುರುವಾರ ಹನ್ನೊಂದು ಗಂಟೆಗೆ ಅವರು ಮತ್ತೆ ಬರುತ್ತಾರೆ. ಕೆಲಸ ಮಾಡಿದ್ದರಲ್ಲೇ ತಪ್ಪಾಗಿದೆ ಎಂದು ನಮ್ಮ ಪ್ರೆಸಿಡೆಂಟ್ ಕೃಷ್ಣಪ್ಪಣ್ಣ ಬರೆದು ಸಹಿ ಹಾಕಬೇಕು. ಹಾಕಿದರೆ ಸೇತುವೆ ಕಡಿದು ಹಾಕುತ್ತಾರೆ, ಅವರ ಹೆಸರಿನಲ್ಲಿ ಕೇಸು ಆಗುತ್ತದೆ. ಕ್ಲಾಂಪನ್ನು ಯಾರೋ ಆಮೇಲೆ ಬಿಚ್ಚಿದರು ಎಂದು ತೋರಿಸಿದರೆ ಮಾತ್ರ ಸೇತುವೆ ಉಳಿಯುತ್ತದೆ. ಇವತ್ತು ಬುಧವಾರ.

"ಹೋಗ್ಲಿ ಬಿಡು ಮೂರ್ತಿ, ನಾನು ಸಹಿ ಹಾಕ್ತೀನಿ," ಎಂದು ಕೃಷ್ಣಪ್ಪಣ್ಣ ಸೋಮವಾರದಿಂದ ಹೇಳುತ್ತಲೇ ಇದ್ದಾರೆ. ಅರವತ್ತೆಂಟು ವರ್ಷ, ಎಪ್ಪತ್ತು ಎಕರೆ ತೋಟ, ಇಲ್ಲಿಯತನಕ ಸ್ಟೇಷನ್ ಮೆಟ್ಟಿಲು ಹತ್ತಿದವರಲ್ಲ. ಹತ್ತಲು ನಾನು ಬಿಡುವವನೂ ಅಲ್ಲ.

ಕ್ಲಬ್ ಎಂದರೆ ನನಗೆ ಮೊದಲು ನಗು ಬರುತ್ತಿತ್ತು. ರೋಗಿಗೆ ಒಂದು ಬ್ರೆಡ್ ಪ್ಯಾಕೆಟ್ ಕೊಡಲು ಐದು ಜನ ಹಿಡಿದು ಫೋಟೊ ತೆಗೆಸಿಕೊಳ್ಳುವವರು ಎಂದುಕೊಂಡಿದ್ದೆ. ಈ ಸೇತುವೆಗೆ ಹನ್ನೊಂದು ಭಾನುವಾರ ಹಿಡಿಯಿತು. ಎಪ್ಪತ್ತು ಎಕರೆಯ ಕೃಷ್ಣಪ್ಪಣ್ಣ ಅವರದೇ ತೋಟದ ಮೇಸ್ತ್ರಿಯ ಹಿಂದೆ ಸಾಲಿನಲ್ಲಿ ನಿಂತು ಜಲ್ಲಿ ಬುಟ್ಟಿ ಹೊತ್ತರು. "ಬೇಗ ಬೇಗ ಬನ್ನಿ ಗೌಡ್ರೆ," ಎಂದು ಮೇಸ್ತ್ರಿ ಗದರಿದ. ಅವರು ಬೇಗ ಬೇಗ ಹೋದರು. ಹಳ್ಳದಾಚೆಯ ಮೂವತ್ತೊಂದು ಮನೆಯವರು ಮಳೆಗಾಲದಲ್ಲಿ ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ಐದು ಮೈಲಿ ಸುತ್ತಿ ಬರುತ್ತಿದ್ದರು. ಅದು ತಪ್ಪಿತಲ್ಲ ಎಂದು ಶನಿವಾರ ಸಂಜೆ ನಾವೆಲ್ಲ ಸೇತುವೆ ನೋಡುತ್ತಾ ಸುಮ್ಮನೆ ಕಾಫಿ ಕುಡಿದೆವು. ನನ್ನ ಯೂನಿಫಾರ್ಮಿನ ಮೇಲೂ ನನಗೆ ಅಷ್ಟು ಅಭಿಮಾನ ಇದ್ದಿರಲಿಲ್ಲ.

ಕೃಷ್ಣಪ್ಪಣ್ಣ ಗಂಟಲು ಸರಿ ಮಾಡಿಕೊಂಡರು. "ಆಯ್ತು, ಇನ್ನು ಮಳೆ ಹಾಜರಿ ತಗೊಳಾಣ. ಯಾವತ್ತೂ ತಪ್ಸಿಲ್ಲ, ಇವತ್ತೂ ಬೇಡ."

ಇದು ನಮ್ಮ ಕ್ಲಬ್ಬಿನ ಪದ್ಧತಿ. ಹೆಸರು ಕೂಗಿದರೆ ನಾವು 'ಇದ್ದೀನಿ' ಎನ್ನುವುದಿಲ್ಲ. ಆ ವಾರ ತೋಟದಲ್ಲಿ ಬಿದ್ದ ಮಳೆಯನ್ನು ದಿನದ ಲೆಕ್ಕದಲ್ಲಿ ಹೇಳುತ್ತೇವೆ. ಇಂಚು, ಸೆಂಟ್. ನೂರು ಸೆಂಟಿಗೆ ಒಂದು ಇಂಚು. ಪ್ರತಿ ತೋಟದಲ್ಲೂ ಬೆಳಿಗ್ಗೆ ಎಂಟಕ್ಕೆ ರೇನ್‌ಗೇಜ್ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಯ ಕಾಲದಲ್ಲಂತೂ ಮಗಳ ಮದುವೆಯ ಮಾತಿಗಿಂತ ಮೊದಲು ಎಷ್ಟು ಸೆಂಟ್ ಆಯ್ತು ಎಂದು ಕೇಳುತ್ತಾರೆ. ತೋಟದ ಎಕರೆಯಲ್ಲಿ ಸುಳ್ಳು ಹೇಳುವವರಿದ್ದಾರೆ, ಇಳುವರಿಯಲ್ಲಿ ಎಲ್ಲರೂ ಹೇಳುತ್ತಾರೆ. ಮಳೆಯಲ್ಲಿ ಹೇಳಿದವರನ್ನು ನಾನು ಕಂಡಿಲ್ಲ.

"ಸಿದ್ದಬಸಪ್ಪನವ್ರು," ಎಂದರು ಕೃಷ್ಣಪ್ಪಣ್ಣ.

ಸಿದ್ದಬಸಪ್ಪನವರು ಎದ್ದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೂಡಿಗೆರೆಯಲ್ಲಿ ನಲವತ್ತು ವರ್ಷದ ಹಾರ್ಡ್‌ವೇರ್ ಅಂಗಡಿ, ಬಾಳೂರಿನ ದಾರಿಯಲ್ಲಿ ಹದಿನೆಂಟು ಎಕರೆ ತೋಟ. ಸೇತುವೆಗೆ ಬೇಕಾದ ಕ್ಲಾಂಪು, ಬೋಲ್ಟು ಎಲ್ಲ ಅವರ ಅಂಗಡಿಯ ದಾನ. ನೆಂಟರ ಗೃಹಪ್ರವೇಶಕ್ಕೆ ಶನಿವಾರ ಮಧ್ಯಾಹ್ನ ಚಿಕ್ಕಮಗಳೂರಿಗೆ ಹೋದವರು ಭಾನುವಾರ ಸಂಜೆ ಬಂದೆ ಎಂದು ನನಗೆ ಹೇಳಿದ್ದರು.

"ಭಾನುವಾರ ಬೆಳಿಗ್ಗೆ ನಲವತ್ತೇಳು ಸೆಂಟ್," ಎಂದರು. "ಸೋಮವಾರ ಬೆಳಿಗ್ಗೆ ಒಂದು ಇಂಚು ಹನ್ನೆರಡು. ಆಮೇಲೆ ಇಲ್ಲ." ಕೂತರು.

ಮುಂದಿನ ಹೆಸರು ಕೂಗಿದರು. ನನಗೆ ಕೇಳಿಸಲಿಲ್ಲ.

ಶನಿವಾರ ರಾತ್ರಿ ಒಂದು ಮಳೆ ಬಿದ್ದಿತ್ತು. ಭಾನುವಾರ ಮಧ್ಯಾಹ್ನ, ನಾವು ಶಶಿಧರನನ್ನು ಆಸ್ಪತ್ರೆಗೆ ಸೇರಿಸಿ ವಾಪಸ್ ಬರುವಾಗ, ಇನ್ನೊಂದು ಜೋರು ಮಳೆ. ಭಾನುವಾರ ಸಂಜೆ ಊರಿಗೆ ಬಂದವರಿಗೆ ರೇನ್‌ಗೇಜಿನಲ್ಲಿ ಸಿಗುವುದು ಎರಡೂ ಬೆರೆತ ನೀರು, ಒಂದು ಇಂಚು ಐವತ್ತೊಂಬತ್ತು. ಅದರಲ್ಲಿ ರಾತ್ರಿಯದೆಷ್ಟು, ಮಧ್ಯಾಹ್ನದ್ದೆಷ್ಟು ಎಂದು ದೇವರಿಗೂ ಬೇರೆ ಮಾಡಲಾಗದು. ನಲವತ್ತೇಳು ಎಂದು ಬೇರೆಯಾಗಿ ಹೇಳಬೇಕಾದರೆ ಭಾನುವಾರ ಬೆಳಿಗ್ಗೆ ಯಾರೋ ಅಳೆದಿರಬೇಕು.

ಸಭೆ ಮುಗಿದ ಮೇಲೆ ಬಸವರಾಜುವನ್ನು ಕಾಫಿಗೆ ಕರೆದೆ.

"ಭಾನುವಾರ ರೇನ್‌ಗೇಜ್ ನೋಡಿದ್ದು ನೀನಾ?"

"ನಾನೆಲ್ಲಿ ಸರ್, ಏಳು ಗಂಟೆಯಿಂದ ನಿಮ್ಮೆದ್ರಿಗೇ ಉಪ್ಪಿಟ್ಟು ತಿರುವ್ತಿದ್ನಲ್ಲ. ಅದಕ್ಕೆ ಬೇಲಿ ಹಾಕಿ ಬೀಗ ಹಾಕಿದಾರೆ. ಬೀಗದ ಕೈ ಸಾವ್ಕಾರ್ರ ಉಡಿದಾರದಲ್ಲೇ ಇರ್ತದೆ. ಬೇರೆಯವ್ರು ಅಳೆದ್ರೆ ಅವ್ರಿಗೆ ಸಮಾಧಾನ ಇಲ್ಲ."

"ಅವ್ರು ಊರಲ್ಲಿ ಇಲ್ಲದಿದ್ರೆ?"

"ಆ ದಿನ ಖಾಲಿ ಬಿಡ್ತಾರೆ. ಅಂದಾಜಿಗೆ ಬರೆಯಲ್ಲ," ಎಂದ ಬಸವರಾಜು. ಹೇಳಿ ಮುಗಿಸಿದ ಮೇಲೆ ಅವನ ಮುಖ ಸಣ್ಣದಾಯಿತು. ಯಾರ ವಿಷಯ ಮಾತಾಡುತ್ತಿದ್ದೇವೆಂದು ಅವನಿಗೂ ಆಗ ಹೊಳೆದಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ನಾನು ಸಿದ್ದಬಸಪ್ಪನವರ ತೋಟದಲ್ಲಿದ್ದೆ. ಹತ್ತು ದಿನದ ಹಿಂದಿನ ಮಳೆಗೆ ಹೂ ಬಿಟ್ಟು ಕಾಫಿ ಗಿಡಗಳೆಲ್ಲ ಬೆಳ್ಳಗಾಗಿದ್ದವು. ವಾಸನೆಗೆ ತಲೆ ಭಾರವಾಗುತ್ತಿತ್ತು. ಮನೆಯ ಮುಂದಿನ ಬಯಲಿನಲ್ಲಿ ತಂತಿ ಬೇಲಿ, ಅದರೊಳಗೆ ರೇನ್‌ಗೇಜ್. ಅವರು ಸ್ನಾನ, ಲಿಂಗಪೂಜೆ ಮುಗಿಸಿ ಬಂದು ಬೀಗ ತೆಗೆದರು. ಡಬ್ಬಿ ಎತ್ತಿ ನೋಡಿ, ರಿಜಿಸ್ಟರಿನಲ್ಲಿ ಸೊನ್ನೆ ಬರೆದರು.

"ಮಳೆ ಇಲ್ಲ ಅಂತ ಗೊತ್ತಿದ್ರೂ ನೋಡ್ಬೇಕಾ ಸಾವ್ಕಾರ್ರೆ?"

"ನೋಡಿಯೇ ಬರೀಬೇಕು ಮೂರ್ತಿಗಳೆ. ಇಲ್ದಿದ್ರೆ ಅದು ಸುಳ್ಳಾಗ್ತದೆ."

"ಹಾಗಾದ್ರೆ ಭಾನುವಾರದ ನಲವತ್ತೇಳನ್ನೂ ನೋಡಿಯೇ ಬರೆದಿದ್ದು."

ಅವರ ಪೆನ್ನು ನಿಂತಿತು. ರಿಜಿಸ್ಟರನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಪೊಲೀಸಿನವನಿಗೆ ಇಂಥ ಹೊತ್ತಿನಲ್ಲಿ ಸುಮ್ಮನಿರಲು ಬರಬೇಕು.

"ಒಂದು ಇಂಚು ಐವತ್ತೊಂಬತ್ತು ಅಂದ್ಬಿಡಬಹುದಿತ್ತು," ಎಂದರು ಕೊನೆಗೆ. "ಸಭೆಗೆ ಬರ್ತಾ ಕಾರಲ್ಲಿ ಅದೇ ಯೋಚನೆ. ಎದ್ದು ನಿಂತ್ಮೇಲೆ ಬಾಯಿ ಬರ್ಲಿಲ್ಲ. ನಮ್ಮಪ್ಪ ಶುರು ಮಾಡಿದ ರಿಜಿಸ್ಟರ್ ಇದು."

"ಚಿಕ್ಕಮಗಳೂರಿಗೆ ಹೋಗಿದ್ದಂತೂ ಹೌದಾ?"

"ಹೋಗಿದ್ದೆ. ಶನಿವಾರ ಸಾಯಂಕಾಲನೇ ವಾಪಸ್ ಬಂದೆ. ಅಂಗಡಿ ಬಾಗ್ಲು ಹಾಕೋ ಮುಂಚೆ ಮಿಕ್ಕಿದ್ದ ಕ್ಲಾಂಪನ್ನ ಡಬ್ಬಕ್ಕೆ ತುಂಬ್ತಿದ್ದೆ. ಒಂದು ಕೈ ಜಾರಿ ನೆಲಕ್ಕೆ ಬಿತ್ತು."

"ಬಿದ್ದು?"

"ಎರಡು ಹೋಳಾಯ್ತು."

ಅವರು ರೇನ್‌ಗೇಜಿನ ಕಟ್ಟೆಯ ಮೇಲೆ ಕೂತರು. ಇಸ್ತ್ರಿ ಅಂಗಿಗೆ ಪಾಚಿ ಹತ್ತಿದ್ದನ್ನೂ ಗಮನಿಸಲಿಲ್ಲ. "ಎರಕದ ಮಾಲು ಮೂರ್ತಿಗಳೆ. ಅಂಥದ್ದು ಭಾರ ತಡೆಯಲ್ಲ. ನಲವತ್ತು ವರ್ಷ ಕಬ್ಬಿಣ ಮಾರಿದೀನಿ, ನನ್ನ ಕಣ್ಣಿಗೇ ಗೊತ್ತಾಗ್ಲಿಲ್ಲ. ಅದನ್ನೇ ಸೇತುವೆಗೆ ದಾನ ಕೊಟ್ಟು, ಬೋರ್ಡಿನ ಮೇಲೆ ಹೆಸರೂ ಬರೆಸ್ಕೊಂಡಿದೀನಿ."

ಮಿಕ್ಕಿದ್ದನ್ನು ಅವರು ತಡೆಯಿಲ್ಲದೆ ಹೇಳಿದರು. ರಾತ್ರಿ ನಿದ್ದೆಯಿಲ್ಲ. ಭಾನುವಾರ ಬೆಳಕು ಹರಿಯುತ್ತಲೇ ಒಬ್ಬರೇ ಸೇತುವೆಗೆ ಹೋದರು. ನಾವು ಯಾರೂ ಇನ್ನೂ ಬಂದಿರಲಿಲ್ಲ. ಒಂದು ಕ್ಲಾಂಪ್ ಪೂರ್ತಿ ಬಿಚ್ಚಿದರು. ಒಳಮೈಯಲ್ಲಿ ಕೂದಲೆಳೆಯ ಬಿರುಕು. ಮಿಕ್ಕ ಮೂರನ್ನು ಸಡಿಲಿಸಿ ನೋಡಿದರೆ ಅವೂ ಹಾಗೇ. ಮೂಡಿಗೆರೆಗೆ ಹೋಗಿ ಬೇರೆ ಅಂಗಡಿಯಿಂದ ಒಳ್ಳೆಯ ಮಾಲು ತಂದು, ಹತ್ತರೊಳಗೆ ತಾವೇ ಹಾಕಿಬಿಡುವುದು ಎಂದು ಹೊರಟರು. ದಾರಿಯಲ್ಲಿ ತೋಟ. ಎಂಟು ಗಂಟೆ.

"ಗಾಡಿ ನಿಲ್ಸಿ ಮಳೆ ಅಳೆದೆ. ಹತ್ತು ನಿಮಿಷ." ಅವರು ಕಂಕುಳಿನ ರಿಜಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಆ ಹತ್ತು ನಿಮಿಷ ನಿಲ್ಲದೇ ಇದ್ದಿದ್ರೆ ಅಂತ ದಿನಾ ಲೆಕ್ಕ ಹಾಕ್ತಿದೀನಿ. ನಾನು ವಾಪಸ್ ತಲುಪಿದಾಗ ಹತ್ತೂ ಕಾಲು. ಮೇಲಿನ ರಸ್ತೆಯಿಂದ ಕಂಡೆ, ನೀವೆಲ್ಲ ಅವನನ್ನ ಎತ್ತಿ ಜೀಪಿಗೆ ಹಾಕ್ತಿದ್ರಿ. ಗಾಡಿ ತಿರುಗಿಸ್ಕೊಂಡು ಬಂದ್ಬಿಟ್ಟೆ."

"ಮೂರು ದಿನದಿಂದ ಇದನ್ನ ಇಟ್ಕೊಂಡು ಕೂತಿದೀರಲ್ಲ. ನಿನ್ನೆ ಆ ಹುಡುಗಿ ಎದ್ದು ನಿಂತು ನಾನೇ ಅಂದ್ಲು. ನಿಮ್ಮ ರೈಟರ್ ಎದ್ದು ನಿಂತ. ನೀವು ಕೂತೇ ಇದ್ರಿ."

ಹೇಳಿದ ಮೇಲೆ ಇಷ್ಟು ಒರಟಾಗಿ ಹೇಳಬಾರದಿತ್ತು ಅನ್ನಿಸಿತು. ಅವರು ತಲೆ ಎತ್ತಿದರು.

"ಹೌದು, ಕೂತಿದ್ದೆ. ಯಾಕೆ ಅಂತಲೂ ಹೇಳ್ತೀನಿ. ನನ್ನ ಮರ್ಯಾದೆ ಅರ್ಧ ಕಾರಣ. ಇನ್ನರ್ಧ ಬೇರೆ. ಸೇತುವೆ ಬಿಚ್ಚಿ ಹಾಗೇ ಬಿಟ್ಟು ಹೋಗೋಷ್ಟು ಬುದ್ಧಿಗೇಡಿ ನಾನಲ್ಲ. ಏರು ಹತ್ತಿ ಸಿಗ್ನಲ್ ಸಿಕ್ಕ ತಕ್ಷಣ ಫೋನ್ ಮಾಡಿ ಹೇಳಿದೀನಿ. ಒಂದು ಕ್ಲಾಂಪ್ ಬಿಚ್ಚಿದೀನಿ, ನಾನು ಬರೋವರೆಗೆ ಒಬ್ರನ್ನೂ ಹತ್ಸಬೇಡಿ ಅಂತ. ಆಯ್ತು, ನಾನು ನೋಡ್ಕೊಳ್ತೀನಿ ಅಂದ್ರು."

"ಯಾರು ಅಂದಿದ್ದು?"

ಅವರು ಫೋನು ತೆಗೆದು ನನ್ನ ಮುಂದೆ ಹಿಡಿದರು. ಭಾನುವಾರ, ಬೆಳಿಗ್ಗೆ ಏಳು ಹನ್ನೆರಡು. ಒಂದು ನಿಮಿಷ ಮಾತು. ಹೆಸರು ಕೃಷ್ಣಪ್ಪ, ಪ್ರೆಸಿಡೆಂಟ್.

"ವಯಸ್ಸಾಯ್ತು, ಗಡಿಬಿಡೀಲಿ ಮರೆತಿರ್ಬೇಕು," ಎಂದರು ಸಿದ್ದಬಸಪ್ಪನವರು. "ನಾನು ಬಾಯಿ ಬಿಟ್ರೆ ಅವರ ಹೆಸರೂ ಬರ್ತದೆ. ಅವರನ್ನ ಮುಂದೆ ಹಾಕಿ ನಾನು ಪಾರಾಗೋದಾ? ಅದಕ್ಕೇ ಕೂತೆ."

ಯಾರ ಹೆಸರು ಉಳಿಸಲು ನಾನು ಮೂರು ದಿನದಿಂದ ಓಡಾಡುತ್ತಿದ್ದೆನೋ ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಶಶಿಧರನನ್ನು ಹತ್ತಲು ಬಿಟ್ಟರೇ?

ಒಂಬತ್ತಕ್ಕೆ ಕೃಷ್ಣಪ್ಪಣ್ಣನ ಜೀಪು ಬಂತು. ಇಂಜಿನಿಯರ ಹತ್ತಿರ ಈ ತೋಟದಿಂದಲೇ ಒಟ್ಟಿಗೆ ಹೋಗೋಣ ಎಂದು ಹಿಂದಿನ ದಿನವೇ ಮಾತಾಗಿತ್ತು. ಕೃಷ್ಣಪ್ಪಣ್ಣ ಕ್ಲಬ್ಬಿನ ಹಳದಿ ಟೊಪ್ಪಿ ಹಾಕಿಕೊಂಡು ಇಳಿದರು. ಕೈಯಲ್ಲಿ ಕವರು.

"ಬರೆದು ತಂದಿದೀನಿ. ಸಹಿನೂ ಆಗಿದೆ," ಎಂದರು.

"ಭಾನುವಾರ ಏಳು ಹನ್ನೆರಡಕ್ಕೆ ನಿಮಗೆ ಸಾವ್ಕಾರ್ರ ಫೋನ್ ಬಂದಿತ್ತಾ?"

ಅವರು ನನ್ನನ್ನೂ ನೋಡಿದರು, ಕಟ್ಟೆಯ ಮೇಲಿದ್ದ ಸಿದ್ದಬಸಪ್ಪನವರನ್ನೂ ನೋಡಿದರು. "ಹೇಳ್ಬಿಟ್ರಾ? ನಾನು ಸಹಿ ಹಾಕಿದ್ರೆ ಮುಗೀತಿತ್ತಲ್ಲ ಮಾರಾಯ."

"ಬಂದಿತ್ತಾ, ಇಲ್ವಾ?"

"ಬಂದಿತ್ತು. ನಾನು ಚೀಫ್ ಗೆಸ್ಟನ್ನ ಕರ್ಕೊಂಡು ಬರೋಕೆ ಕಳಸಕ್ಕೆ ಹೋಗ್ತಿದ್ದೆ. ಸೇತುವೆ ಹತ್ರ ಇದ್ದವರಿಗೆ ತಕ್ಷಣ ತಿಳಿಸ್ದೆ. ನಾನು ಬಂದು ತಲುಪೋದ್ರಲ್ಲಿ ಅವನು ಬಿದ್ದಾಗಿತ್ತು."

"ಯಾರಿಗೆ ತಿಳಿಸಿದ್ರಿ?"

"ಅದು ಬೇಡ ಬಿಡು."

"ಕೃಷ್ಣಪ್ಪಣ್ಣ, ಇನ್ನೆರಡು ಗಂಟೇಲಿ ನಿಮ್ಮ ಮೇಲೆ ಕೇಸು ಬೀಳ್ತದೆ. ಸೇತುವೆ ಹೋಗ್ತದೆ. ಯಾರು ಅಂತ ಹೇಳಿ."

ಅವರು ಟೊಪ್ಪಿ ತೆಗೆದರು. ನನ್ನ ಹೆಗಲ ಮೇಲೆ ಕೈ ಇಟ್ಟರು. ಅಷ್ಟು ಮೃದುವಾಗಿ ಅವರು ನನ್ನ ಜೊತೆ ಹಿಂದೆ ಮಾತಾಡಿದ್ದಿಲ್ಲ.

"ನಿನಗೇ, ಮೂರ್ತಿ."

ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಫೋನಿನಲ್ಲಿ ಭಾನುವಾರ ಕಳಿಸಿದ್ದ ವಾಯ್ಸ್ ಮೆಸೇಜ್ ಒತ್ತಿ ನನ್ನ ಕಿವಿಯ ಹತ್ತಿರ ಹಿಡಿದರು. ಜೀಪಿನ ಸದ್ದಿನ ನಡುವೆ ಅವರದೇ ದನಿ: "ಮೂರ್ತಿ, ನಿನ್ನ ಫೋನ್ ಹತ್ತಲ್ಲ. ಸೇತುವೆ ಮೇಲೆ ಯಾರನ್ನೂ ಬಿಡ್ಬೇಡ. ಸಿದ್ದಬಸಪ್ಪ ಒಂದು ಕ್ಲಾಂಪ್ ಬಿಚ್ಚಿದಾನೆ. ನಾನು ಬರೋವರೆಗೆ ನಿಲ್ಸು."

ಭಾನುವಾರ ಏಳು ಗಂಟೆಯಿಂದ ಸೇತುವೆಯ ಬಾಯಲ್ಲಿ ಕಾವಲಿಗೆ ಇದ್ದವನು ನಾನೇ. ಜನ ಬಿಡುವುದು, ತಡೆಯುವುದು ನನ್ನ ಜವಾಬ್ದಾರಿ. ಶಶಿಧರನಿಗೆ ಹೋಗು ಎಂದು ಕೈ ತೋರಿಸಿದವನೂ ನಾನೇ.

"ನೀನು ಕೇಳಿದೀಯ ಅಂತ ಇಲ್ಲಿ ತೋರಿಸ್ತಿದೆ ನೋಡು," ಎಂದರು ಕೃಷ್ಣಪ್ಪಣ್ಣ. "ಏಳೂ ನಲವತ್ತಕ್ಕೆ. ಮರೆತಿದೀಯ, ಆಮೇಲೆ ಹೆದರಿದೀಯ ಅಂದ್ಕೊಂಡೆ. ಪೊಲೀಸಿನವನು ನೀನು, ಪೆನ್ಷನ್ ಇರೋನು. ಈ ಕೇಸು ನಿನ್ನ ಮೇಲೆ ಬಂದ್ರೆ ನಿನಗೆ ಬಹಳ ಕಷ್ಟ. ನನ್ನದೇನು, ತೋಟ ಇದೆ. ಬೇಜಾರಿಲ್ಲ ನನಗೆ."

ಮೂರು ದಿನ ಈ ಮನುಷ್ಯ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಿದ್ದರು. ನನ್ನ ಜೊತೆ ಕೂತು ಊಟ ಮಾಡಿದ್ದರು. ನನ್ನನ್ನು ಉಳಿಸಲು ತಮ್ಮ ಹೆಸರನ್ನೂ, ಹನ್ನೊಂದು ಭಾನುವಾರದ ಸೇತುವೆಯನ್ನೂ ಬಿಟ್ಟುಕೊಡಲು ತಯಾರಾಗಿ ಒಂದು ಮಾತೂ ಆಡಿರಲಿಲ್ಲ. ಇಂಥವರ ಕ್ಲಬ್ಬಿನಲ್ಲಿ ನಾನೊಬ್ಬ ಎಂದು ಹೆಮ್ಮೆಯಿಂದ ಎದೆ ತುಂಬಿತು. ಅದರ ಹಿಂದೆಯೇ ಭಯ ಬಂತು. ಯಾಕೆಂದರೆ ಆ ದನಿಯನ್ನು ನಾನು ಕೇಳುತ್ತಿದ್ದುದು ಅದೇ ಮೊದಲು.

ನನ್ನ ಫೋನು ತೆಗೆದು ನೋಡಿದೆ. ಕೃಷ್ಣಪ್ಪಣ್ಣನ ಹೆಸರಿನ ಕೆಳಗೆ ಶುಕ್ರವಾರದ ಒಂದು ಮೆಸೇಜ್ ಇತ್ತು, ಸೋಮವಾರದ ಎರಡು ಇದ್ದವು. ಭಾನುವಾರದ್ದು ಇರಲಿಲ್ಲ.

"ಅಳಿಸಿದಾರೆ," ಎಂದೆ. "ನಾನಲ್ಲ. ನಾನು ಇದನ್ನ ಕೇಳೇ ಇಲ್ಲ ಕೃಷ್ಣಪ್ಪಣ್ಣ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಕಟ್ಟೆಯಿಂದ ಸಿದ್ದಬಸಪ್ಪನವರೂ ಎದ್ದು ಹತ್ತಿರ ಬಂದರು.

"ಹಾಗಾದ್ರೆ ಏಳೂ ನಲವತ್ತಕ್ಕೆ ನಿನ್ನ ಫೋನ್ ಯಾರ ಕೈಲಿತ್ತು?" ಎಂದರು ಕೃಷ್ಣಪ್ಪಣ್ಣ.

ಉತ್ತರ ನನ್ನ ನಾಲಿಗೆಯ ಮೇಲಿತ್ತು. ನನ್ನ ಕೈ ಅಂಗಿಯ ಜೇಬಿನ ಗುಂಡಿಯ ಮೇಲೆ ಹೋಯಿತು.

ಮೇಲಿನ ರಸ್ತೆಯಿಂದ ಸೇತುವೆಯ ಫೋಟೊ ತೆಗೀತೀನಿ, ಚೆನ್ನಾಗಿ ಬರುವುದು ನಿಮ್ಮ ಫೋನಲ್ಲೇ ಎಂದು ಏಳೂ ಕಾಲಿಗೆ ಅದನ್ನು ನನ್ನಿಂದ ಇಸಿದುಕೊಂಡವನು ಶಶಿಧರ್. ಹತ್ತು ಗಂಟೆಯವರೆಗೂ ಅವನ ಹತ್ತಿರವೇ ಇತ್ತು. ಸೇತುವೆ ಹತ್ತುವ ಮುಂಚೆ ಅದನ್ನು ನನ್ನ ಅಂಗಿಯ ಜೇಬಿಗೆ ಇಳಿಸಿ, ಬಿದ್ದು ಹೋಗದಿರಲಿ ಎಂದು ಗುಂಡಿಯನ್ನೂ ಹಾಕಿ, ನನ್ನ ಹಿಂದೆ ಯಾರೂ ಬರಬೇಡಿ ಎಂದು ಹೇಳಿ, ಪರೀಕ್ಷೆ ನಿಲ್ಲಬಾರದು, ಉಳಿದ ಮೂರು ಕ್ಲಾಂಪ್ ತನ್ನೊಬ್ಬನ ಭಾರ ತಡೆದೀತು ಎಂದುಕೊಂಡನೋ ಏನೋ, ಅವನೊಬ್ಬನೇ ಮುಂದೆ ನಡೆದ.